ಇಬ್ಬರೇ ಕೂರುವ ಕಾರು

ಹಲ್ಲಿನ ಡಾಕ್ಟರ್ ಲೋಥಾರ್ ಬೈಟಿಂಗರ್ ತನ್ನ ಇಡೀ ವೃತ್ತಿಜೀವನವನ್ನು ಎದುರು ಮಾತಾಡಲಾಗದವರ ಜೊತೆ ಮಾತಾಡುತ್ತ ಕಳೆದವನು. ರೋಗಿ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಿರುತ್ತಿದ್ದ. ಬಾಯೊಳಗೆ ಹತ್ತಿ, ಕನ್ನಡಿ, ಎಂಜಲು ಹೀರುವ ಕೊಳವೆ. ಲೋಥಾರ್ ಚುನಾವಣೆಯ ಬಗ್ಗೆ ಹೇಳಲಿ, ಚಳಿಯ ಬಗ್ಗೆ ಹೇಳಲಿ, ಕಾರುಗಳ ಬಗ್ಗೆ ಹೇಳಲಿ, ರೋಗಿಯಿಂದ ಬರುತ್ತಿದ್ದ ಉತ್ತರ ಒಂದೇ: "ಆಂ." ಅದನ್ನು ಅವನು ಒಪ್ಪಿಗೆ ಎಂದು ತಿಳಿಯುತ್ತಿದ್ದ. ಹೀಗಾಗಿ ಎಸ್ಲಿಂಗೆನ್ ಪಟ್ಟಣದ ಅರ್ಧ ಜನ ತನ್ನ ಅಭಿಪ್ರಾಯದವರೇ ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿತ್ತು. ದವಾಖಾನೆಯನ್ನು ಕಿರಿಯ ಡಾಕ್ಟರೊಬ್ಬಳಿಗೆ ವಹಿಸಿ ಮನೆಯಲ್ಲಿ ಕುಳಿತ ಮೇಲೆ ತಿಳಿಯಿತು, ಇಲ್ಲಿ ಯಾರ ಬಾಯಲ್ಲೂ ಹತ್ತಿ ಇಲ್ಲ ಎಂದು.

ನಿವೃತ್ತಿಯ ಉಡುಗೊರೆಯಾಗಿ ತನಗೆ ತಾನೇ ಒಂದು ಹೋರ್ಲಾಖರ್ ಕಾರು ಕೊಟ್ಟುಕೊಳ್ಳಬೇಕು ಎಂದು ಅವನು ನಿಶ್ಚಯಿಸಿದ್ದ. ಎಸ್ಲಿಂಗೆನ್ ಕಣಿವೆಯಲ್ಲಿ ಹುಟ್ಟಿದವರಿಗೆ ಹೋರ್ಲಾಖರ್ ಎಂದರೆ ಜಾತಕದಲ್ಲೇ ಬರೆದುಬಂದ ಹಾಗೆ. ಅರ್ಧ ಜನ ಅದರ ಕಾರ್ಖಾನೆಯಲ್ಲಿ ದುಡಿಯುತ್ತಾರೆ, ಇನ್ನರ್ಧ ಜನ ಅದನ್ನು ಕೊಳ್ಳುವ ಕನಸು ಕಾಣುತ್ತಾರೆ. ಕೊಂಡವರು ಅಕ್ಕಪಕ್ಕದವರ ಕಣ್ಣಿಗೆ ಬೀಳದಂತೆ ಹೊದಿಕೆ ಹಾಕಿ ಮುಚ್ಚಿಡುತ್ತಾರೆ. (ದುಡ್ಡಿದೆ ಎಂದು ತೋರಿಸಿಕೊಳ್ಳುವುದು ಆ ಸೀಮೆಯಲ್ಲಿ ಬೀದಿಯಲ್ಲಿ ಒಳಂಗಿಯಲ್ಲಿ ಓಡಾಡಿದಷ್ಟೇ ನಾಚಿಕೆಗೇಡು.)

ಹೆಂಡತಿ ಇರ್ಮೆಲಾ ವಿರೋಧಿಸುತ್ತಾಳೆ ಎಂದು ಅವನು ವಾದಗಳನ್ನು ಸಾಣೆ ಹಿಡಿದು ಇಟ್ಟುಕೊಂಡಿದ್ದ. ಇರ್ಮೆಲಾ ನಗರ ಗ್ರಂಥಾಲಯದ ಸಂಚಾರಿ ಬಸ್ಸನ್ನು ದ್ರಾಕ್ಷಿ ಗುಡ್ಡಗಳ ಕಡಿದಾದ ಓಣಿಗಳಲ್ಲಿ ವರ್ಷಗಟ್ಟಲೆ ಓಡಿಸಿ ನಿವೃತ್ತಳಾದವಳು. ಅಂಥವಳನ್ನು ಮಾತಿನಲ್ಲಿ ಓವರ್‌ಟೇಕ್ ಮಾಡುವುದು ಸುಲಭವಲ್ಲ. ಅವಳು ಒಲೆಯ ಮುಂದೆ ನಿಂತು ಷ್ಪೆಟ್ಸ್ಲೆ ಶಾವಿಗೆಯ ಹಿಟ್ಟನ್ನು ಕುದಿಯುವ ನೀರಿಗೆ ಒತ್ತುತ್ತಿದ್ದಾಗ ಲೋಥಾರ್ ಗಂಟಲು ಸರಿಮಾಡಿಕೊಂಡು ವಿಷಯ ಎತ್ತಿದ.

"ತಗೋ," ಎಂದಳು ಇರ್ಮೆಲಾ.

ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವನ ಹಾಗೆ ಅವನು ಮುಗ್ಗರಿಸಿದ. ಸಿದ್ಧಪಡಿಸಿದ ವಾದಗಳೆಲ್ಲ ಹೊಟ್ಟೆಯಲ್ಲೇ ಉಳಿದು ಅಜೀರ್ಣವಾಗುವಂತಾಯಿತು.

"ಯಾವುದು ತಗೋತೀಯ?" ಎಂದು ಅವಳೇ ಕೇಳಿದಳು.

ಮನೆಯ ಶಾಂತಿ ಕದಡಿದ್ದು ಆ ಪ್ರಶ್ನೆಯಿಂದ. ಹೋರ್ಲಾಖರ್‌ನವರು ಎರಡು ಬಗೆಯ ಸ್ಪೋರ್ಟ್ಸ್ ಕಾರು ಮಾಡುತ್ತಿದ್ದರು. ದೊಡ್ಡದರ ಹೆಸರು ಫಾಲ್ಕೆ: ಇಂಜಿನ್ನು ಬೆನ್ನ ತುದಿಯಲ್ಲಿ, ಮುಂದೆ ಎರಡು ಸೀಟು, ಹಿಂದೆ ಸೀಟು ಎಂದು ಕರೆಸಿಕೊಳ್ಳುವ ಎರಡು ತಗ್ಗು. ಚಿಕ್ಕದು ಷ್ವಾಲ್ಬೆ: ಇಂಜಿನ್ನು ನಡುವಿನಲ್ಲಿ, ಸೀಟು ಎರಡೇ.

"ಷ್ವಾಲ್ಬೆ," ಎಂದ ಲೋಥಾರ್.

"ಫಾಲ್ಕೆ ತಗೋ. ಹಿಂದೆ ಸೀಟಿದೆ. ಅಮ್ಮ ಇದಾಳಲ್ಲ."

"ಅದು ಸೀಟಲ್ಲ ಇರ್ಮೆಲಾ. ಕೊಡೆ ಇಡೋ ಜಾಗ."

"ಅಮ್ಮನೂ ಕೊಡೆ ಗಾತ್ರಾನೇ ಇದಾಳೆ."

ಅಮ್ಮ ಎಂದರೆ ವಾಲ್ಬುರ್ಗಾ, ಲೋಥಾರ್‌ನ ಅತ್ತೆ. ಎಂಬತ್ತು ದಾಟಿದವರು, ಅದೇ ಮನೆಯ ಕೆಳ ಅಂತಸ್ತಿನಲ್ಲಿ ವಾಸ. ಗಂಡನ ಜೊತೆ ದ್ರಾಕ್ಷಿ ತೋಟ ಮಾಡಿ ಬೆನ್ನು ಬಾಗಿಸಿದವರಾದರೂ ಆ ಬೆನ್ನು ಬಾಗಿದಷ್ಟೇ ಸಲೀಸಾಗಿ ನೆಟ್ಟಗಾಗುತ್ತಿತ್ತು. ವಾರಕ್ಕೊಮ್ಮೆ ಹಿರಿಯ ಹೆಂಗಸರ ವ್ಯಾಯಾಮದ ಗುಂಪಿಗೆ ತಪ್ಪದೆ ಹೋಗುತ್ತಿದ್ದರು. ಲೋಥಾರ್‌ನ ಮದುವೆಯಾದ ಕಾಲದಿಂದ ಪ್ರತಿ ಭಾನುವಾರ ಮಧ್ಯಾಹ್ನ ಕುಟುಂಬದ ಕಾರು ಹೊರಡುವುದು, ಅತ್ತೆ ಮುಂದೆ ಕೂರುವುದು, ಇರ್ಮೆಲಾ ಹಿಂದೆ ಕೂರುವುದು, ಎಲ್ಲೋ ಒಂದು ಕಡೆ ಕಾಫಿ ಕುಡಿದು ಬರುವುದು, ಇದು ಸೂರ್ಯೋದಯದ ಹಾಗೆ ನಡೆದುಬಂದಿತ್ತು. ದಾರಿಯುದ್ದಕ್ಕೂ ಅತ್ತೆಯ ಟೀಕಾಪ್ರವಚನ.

"ಲೋಥಾರ್, ಮುಂದೆ ಹೋಗ್ತಿರೋದು ಗೊಬ್ಬರದ ಗಾಡಿ. ಅದರ ವಾಸನೆ ನಿನಗೆ ಇಷ್ಟ ಅಂತ ಹಿಂದೆ ಹೋಗ್ತಿದೀಯಾ?"

ಹೊರಗೆ ಹೇಳಿಕೊಳ್ಳಲಾಗದ ಒಂದು ಆಸೆ ಲೋಥಾರ್‌ನಲ್ಲಿ ಮೊದಲಿನಿಂದ ಇತ್ತು. ಮದುವೆಗೆ ಮುಂಚೆ ಅವನೂ ಇರ್ಮೆಲಾಳೂ ಒಂದು ಹಳೇ ಸ್ಕೂಟರಿನಲ್ಲಿ ಆಲ್ಬ್ ಬೆಟ್ಟದ ತಿರುವುಗಳನ್ನೆಲ್ಲ ಸುತ್ತಿದ್ದರು. ಅವಳು ಹಿಂದಿನಿಂದ ಅವನ ಸೊಂಟ ಹಿಡಿದು ಕಿವಿಯಲ್ಲಿ ಏನೋ ಕೂಗುವಳು, ಗಾಳಿಗೆ ಒಂದೂ ಕೇಳಿಸದು. ಅದಾದ ಮೇಲೆ ಅವರಿಬ್ಬರೇ ಹೋದ ಭಾನುವಾರ ಅವನಿಗೆ ನೆನಪೇ ಇಲ್ಲ. ಕಾರಿನಲ್ಲಿ ಎರಡೇ ಸೀಟಿದ್ದರೆ? ಒಂದರಲ್ಲಿ ತಾನು, ಇನ್ನೊಂದರಲ್ಲಿ ಇರ್ಮೆಲಾ. ಮೂರನೆಯವರನ್ನು ಬೇಡ ಎನ್ನುವ ಪಾಪ ತನ್ನ ತಲೆಗಲ್ಲ, ಕಾರ್ಖಾನೆಯ ತಲೆಗೆ. ಎಷ್ಟು ಸಭ್ಯ, ಎಷ್ಟು ನಿಶ್ಶಬ್ದ ಉಪಾಯ.

ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲವಲ್ಲ. ಆದ್ದರಿಂದ ಅವನು ವಿಜ್ಞಾನದ ಮೊರೆಹೊಕ್ಕ. ಬೆಳಗಿನ ತಿಂಡಿಗೆ ಗುರುತ್ವಕೇಂದ್ರ, ಊಟಕ್ಕೆ ಸಮತೋಲನ, ಸಂಜೆಯ ಬ್ರೆಡ್ಡಿಗೆ ನಡುವಿನ ಇಂಜಿನ್ನಿನ ಮಹಾತ್ಮೆ.

"ಭಾರ ನಡುವಿನಲ್ಲಿರಬೇಕು ಇರ್ಮೆಲಾ. ಬಾಲದಲ್ಲಿ ಭಾರ ಇಟ್ಕೊಂಡು ಓಡೋ ಪ್ರಾಣಿ ಯಾವುದಾದ್ರೂ ಇದೆಯಾ?"

"ಕಾಂಗರೂ."

"ಅದು ಓಡಲ್ಲ. ನೆಗೆಯುತ್ತೆ."

"ಹೋಗೋ ಕಡೆ ತಲುಪುತ್ತೆ ತಾನೇ?"

ಕೊನೆಗೆ ಪರೀಕ್ಷೆ ಮಾಡಿಯೇ ನೋಡೋಣ ಎಂದಾಯಿತು. ಮಾರಾಟ ಮಳಿಗೆಯ ಮೋಗ್ಲಿಂಗ್ ಎಂಬಾತ ಒಂದು ಮಧ್ಯಾಹ್ನದ ಮಟ್ಟಿಗೆ ಫಾಲ್ಕೆಯನ್ನು ಮನೆ ಬಾಗಿಲಿಗೇ ತಂದ. ಲೋಥಾರ್ ಅತ್ತೆಯನ್ನು ಬಹಳ ಗೌರವದಿಂದ ಕರೆದ. ಅವನ ಲೆಕ್ಕಾಚಾರ ಹೀಗಿತ್ತು: ಅತ್ತೆ ಹಿಂದಿನ ತಗ್ಗಿಗೆ ಹತ್ತಲು ನೋಡುತ್ತಾರೆ, ಮೊಣಕಾಲು ಸಿಕ್ಕಿಕೊಳ್ಳುತ್ತದೆ, ಟೋಪಿ ಬೀಳುತ್ತದೆ, ಫಾಲ್ಕೆಯ ಕಥೆ ಅಲ್ಲಿಗೆ ಮುಗಿಯುತ್ತದೆ.

"ಹತ್ತಕ್ಕಾಗುತ್ತಾ ಅತ್ತೆ? ಕಷ್ಟ ಆದ್ರೆ ಖಂಡಿತ ಬೇಡ. ನಿಮ್ಮ ಆರೋಗ್ಯ ಮುಖ್ಯ," ಎಂದ, ದನಿಯಲ್ಲಿ ಜೇನು ಸುರಿಸುತ್ತ.

ವಾಲ್ಬುರ್ಗಾ, ಬೆಕ್ಕು ಬುಟ್ಟಿಗೆ ಇಳಿದಂತೆ ಒಂದೇ ಸಲಕ್ಕೆ ಒಳಗೆ ಇಳಿದು, ಕಾಲು ಮಡಚಿ, ಕೈಚೀಲವನ್ನು ಪಕ್ಕದ ತಗ್ಗಿನಲ್ಲಿ ಕೂರಿಸಿ, ಟೋಪಿ ನೇರ ಮಾಡಿಕೊಂಡರು.

"ಚೆನ್ನಾಗಿದೆ. ಎರಡೂ ಕಡೆ ಕಾಣ್ಸುತ್ತೆ. ಹೊರಡು."

ಗುಡ್ಡ ಸುತ್ತಿ ಬಂದು ಇಳಿದಾಗ ಅತ್ತೆ ಗುಲಾಬಿ ಹೂವಿನಂತಿದ್ದರು. ಇಳಿಯಲಾಗದೆ ಒದ್ದಾಡಿದ್ದು ಲೋಥಾರ್. ಸೀಟು ನೆಲಕ್ಕೆ ಅಷ್ಟು ಹತ್ತಿರ, ಅವನ ಮಂಡಿ ಅಷ್ಟು ಹಳೆಯದು. ಮೋಗ್ಲಿಂಗ್ ಒಂದು ಕೈ ಹಿಡಿದ, ಇರ್ಮೆಲಾ ಇನ್ನೊಂದು.

"ನೋಡಿದ್ಯಾ, ಅಮ್ಮ ಆರಾಮಾಗಿ ಕೂತ್ಲು. ಫಾಲ್ಕೆ ಅಂತ ಹೇಳಿಬಿಡು," ಎಂದಳು ಇರ್ಮೆಲಾ.

ಉಪಾಯ ತಿರುಗುಬಾಣವಾದರೂ ಲೋಥಾರ್ ಸೋಲಲಿಲ್ಲ. ಬೆಲೆಯಲ್ಲಿ ಷ್ವಾಲ್ಬೆಯೇ ಅಗ್ಗ, ಗಾತ್ರವೂ ಕಡಿಮೆ, ಹೊದಿಕೆ ಹಾಕಿದರೆ ಅಕ್ಕಪಕ್ಕದವರು ಹುಲ್ಲು ಕತ್ತರಿಸುವ ಯಂತ್ರ ಎಂದುಕೊಳ್ಳುತ್ತಾರೆ ಎಂದೆಲ್ಲ ವಾರಗಟ್ಟಲೆ ವಾದಿಸಿದ. ಒಂದು ದಿನ ಇರ್ಮೆಲಾ ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು ಅವನನ್ನೇ ನೋಡಿದಳು.

"ನಿಜ ಹೇಳು ಲೋಥಾರ್. ಎರಡೇ ಸೀಟು ಅಂತ ಇಷ್ಟೊಂದು ಹಟ ಹಿಡಿದಿದೀಯಲ್ಲ, ಇಂಜಿನ್ನಿಗೋಸ್ಕರ ಮಾತ್ರ ಅಲ್ಲ ಅಲ್ವಾ?"

ಲೋಥಾರ್‌ನ ಕಿವಿ ಕೆಂಪಾಯಿತು. "ಇಂಜಿನ್ನಿಗೋಸ್ಕರ ಮಾತ್ರ ಅಲ್ಲ," ಎಂದು ಒಪ್ಪಿಕೊಂಡ.

"ಮೂರು ಜನ ಹೋಗಕ್ಕಾಗಲ್ಲ ಅಂತ ಗೊತ್ತಿದ್ದೇ ತಗೋತಿದೀಯ?"

"ಗೊತ್ತಿದ್ದೇ."

ಇರ್ಮೆಲಾ ಕೈ ಒರೆಸಿಕೊಂಡಳು. ಆಮೇಲೆ ಅವನ ಅಂಗಿಯ ಕಾಲರು ಸರಿಮಾಡಿ, "ಸರಿ, ಷ್ವಾಲ್ಬೆನೇ ತಗೋ," ಎಂದಳು. ಕಣ್ಣು ಒದ್ದೆಯಾಗಿತ್ತು. ಈರುಳ್ಳಿಯದ್ದು ಇರಬೇಕು ಎಂದುಕೊಂಡರೂ ಲೋಥಾರ್‌ನ ಎದೆ ಹಳೇ ಸ್ಕೂಟರಿನ ಹಾಗೆ ಡಬಡಬ ಎಂದಿತು. ಅವಳಿಗೂ ಅರ್ಥವಾಗಿದೆ. ಇಷ್ಟು ವರ್ಷದ ದಾಂಪತ್ಯದಲ್ಲಿ ಕೆಲವು ಮಾತನ್ನು ಬಾಯಲ್ಲಿ ಹೇಳಬೇಕಾಗಿಲ್ಲ.

ಕಾರು ನಿಲ್ಲಿಸಲು ಮನೆಯಲ್ಲಿದ್ದುದು ಒಂದೇ ಶೆಡ್ಡು. ಆದ್ದರಿಂದ ಕುಟುಂಬದ ಹಳೇ ಕಾರು ಮೋಗ್ಲಿಂಗ್‌ನ ಪಾಲಾಯಿತು, ಬೂದಿ ಬಣ್ಣದ ಷ್ವಾಲ್ಬೆ ಒಳಗೆ ಬಂತು. ಮಳಿಗೆಯಿಂದ ಮನೆಯವರೆಗೆ ಇರ್ಮೆಲಾ ಪಕ್ಕದಲ್ಲಿ ಕೂತು ಬಂದಳು. ಬಸ್ಸಿನ ಎತ್ತರದಿಂದ ಲೋಕವನ್ನು ನೋಡಿ ಅಭ್ಯಾಸವಾದವಳು, "ಲಾರಿಗಳ ಚಕ್ರದ ನಟ್ಟು ಎಷ್ಟು ಚೆನ್ನಾಗಿ ಕಾಣುತ್ತೆ," ಎಂದಷ್ಟೇ ಹೇಳಿದಳು. ಲೋಥಾರ್ ಅದನ್ನು ಮೆಚ್ಚುಗೆಯ ಖಾತೆಗೆ ಹಾಕಿಕೊಂಡ.

ಭಾನುವಾರ ಬಂತು. ಲೋಥಾರ್ ಗಡ್ಡ ಬೋಳಿಸಿ, ಹೆಂಡತಿಗೆ ಇಷ್ಟವಾದ ನೀಲಿ ಸ್ವೆಟರ್ ಹಾಕಿಕೊಂಡು ಕೆಳಗಿಳಿದ. ಶೆಡ್ಡಿನ ಮುಂದೆ ಅತ್ತೆ ಟೋಪಿ, ಕೈಚೀಲ, ಕತ್ತಿಗೆ ರೇಷ್ಮೆ ವಸ್ತ್ರ ಸಮೇತ ನಿಂತಿದ್ದರು.

"ಅತ್ತೆ, ಇದರಲ್ಲಿ ಎರಡೇ ಸೀಟಿರೋದು," ಎಂದ ಮೆಲ್ಲಗೆ.

"ಗೊತ್ತು. ನೀನೊಬ್ಬ, ನಾನೊಬ್ಬಳು. ಎಣಿಸಕ್ಕೆ ಬರುತ್ತೆ ನನಗೆ."

ಲೋಥಾರ್ ತಲೆಯೆತ್ತಿ ನೋಡಿದ. ಮೇಲಿನ ಬಾಲ್ಕನಿಯಲ್ಲಿ ಇರ್ಮೆಲಾ, ಮನೆಯಲ್ಲಿ ಹಾಕುವ ಉಣ್ಣೆಯ ಚಪ್ಪಲಿಯಲ್ಲೇ, ಕೈಬೀಸುತ್ತಿದ್ದಳು. "ಹೋಗ್ಬನ್ನಿ, ನಿಧಾನವಾಗಿ ಬನ್ನಿ," ಎಂದಳು. ಅಂಥ ಪ್ರಸನ್ನ ಮುಖವನ್ನು ಅವನು ಮದುವೆಯ ಫೋಟೋದಲ್ಲೂ ನೋಡಿರಲಿಲ್ಲ.

ಹೀಗೆ, ಹೆಂಡತಿಯ ಜೊತೆ ಏಕಾಂತಕ್ಕೆಂದು ಕೊಂಡ ರಥದಲ್ಲಿ ಡಾಕ್ಟರ್ ಬೈಟಿಂಗರ್ ಅತ್ತೆಯ ಜೊತೆ ಏಕಾಂತದಲ್ಲಿ ಆಲ್ಬ್ ಬೆಟ್ಟ ಹತ್ತಿದ. ಅತ್ತೆ ಕಿಟಕಿ ಇಳಿಸಿ ರೇಷ್ಮೆ ವಸ್ತ್ರವನ್ನು ಗಾಳಿಗೆ ಬಿಟ್ಟರು.

"ಇಷ್ಟೇನಾ ಇದರ ಓಟ?"

"ಇಲ್ಲಿ ಇಷ್ಟೇ ಹೋಗಬೇಕು ಅಂತ ಬೋರ್ಡಿದೆ ಅತ್ತೆ."

"ಬೋರ್ಡು ಮುಗಿದ ಮೇಲೆ?"

ಬೋರ್ಡು ಮುಗಿದ ಮೇಲೆ ಲೋಥಾರ್ ಎಕ್ಸಿಲರೇಟರ್ ಒತ್ತಿದ. ಬೆನ್ನ ಹಿಂದೆ ಇಂಜಿನ್ನು ಗುರುಗುಟ್ಟಿತು. ಅತ್ತೆ ಮೊದಲ ಬಾರಿಗೆ ಟೀಕೆ ನಿಲ್ಲಿಸಿ, "ಹ್ಞೂಂ," ಎಂದರು. ಮುಂದಿನ ತಿರುವಿನಲ್ಲಿ ಮತ್ತೆ, "ಹ್ಞೂಂ." ಅಷ್ಟು ವರ್ಷ ಅವರು ಕಾರಿನಲ್ಲಿ ಗೊಣಗಿದ್ದು ಭಯದಿಂದಲ್ಲ, ಬೇಸರದಿಂದ ಎಂದು ಅವನಿಗೆ ಹೊಳೆದದ್ದು ಆಗಲೇ.

ಮೇಲಿನ ಹಳ್ಳಿಯ ಕಾಫಿ ಅಂಗಡಿಯ ಮುಂದೆ ನಿಂತಾಗ ಮಂಡಿ ಮತ್ತೆ ಕೈಕೊಟ್ಟಿತು. ಅತ್ತೆ ಚಂಗನೆ ಇಳಿದು, ಸುತ್ತಿ ಬಂದು, ಅಳಿಯನ ತೋಳು ಹಿಡಿದು ಎಳೆದು ನಿಲ್ಲಿಸಿ, ಮೆಟ್ಟಿಲು ಹತ್ತಿಸಿ ಕುರ್ಚಿಯಲ್ಲಿ ಕೂರಿಸಿದರು. ಇದನ್ನೆಲ್ಲ ಬಾಗಿಲಲ್ಲೇ ನಿಂತು ನೋಡಿದ್ದ ಅಂಗಡಿಯ ಹೆಂಗಸು ಅವನನ್ನು ಬಿಟ್ಟು ಅತ್ತೆಯನ್ನೇ ಕೇಳಿದಳು.

"ನಿಮ್ಮ ಯಜಮಾನ್ರಿಗೆ ಕಾಫಿಗೆ ಸಕ್ಕರೆ ಹಾಕಬಹುದಾ?"

ಲೋಥಾರ್ ಏಳಲು ಹೋದ. ಮಂಡಿ ಬಿಡಲಿಲ್ಲ. ಅತ್ತೆ ರೆಪ್ಪೆ ಬಡಿಯದೆ, "ಬೇಡಮ್ಮ. ಅವನ ಹಲ್ಲು ಹಾಳಾಗುತ್ತೆ," ಎಂದರು.

ಮುಂದಿನ ಭಾನುವಾರವೂ ಹೀಗೆಯೇ, ಅದರ ಮುಂದಿನದ್ದೂ ಹೀಗೆಯೇ. ಲೋಥಾರ್ ಇರ್ಮೆಲಾಳನ್ನು ಬೇರೆ ದಿನ ಹೊರಡಿಸಲು ನೋಡಿದ. ಶನಿವಾರ ಮನೆಯ ಮೆಟ್ಟಿಲೂ ಮುಂದಿನ ಬೀದಿಯೂ ಗುಡಿಸಬೇಕು, ಆ ಸೀಮೆಯಲ್ಲಿ ಅದು ತಪ್ಪಿಸುವಂತಿಲ್ಲದ ಕಟ್ಟಳೆ. ಬುಧವಾರ ಅವಳ ಹಾಡಿನ ಗುಂಪು. ಉಳಿದ ದಿನ ತೋಟದ ಕೆಲಸ. ಕೊನೆಗೆ ಒಂದು ಭಾನುವಾರ, ಅತ್ತೆ ಕೆಳಗೆ ಕಾಯುತ್ತಿದ್ದಾಗಲೇ, ಅವನು ಬಾಲ್ಕನಿಗೆ ಬಂದು ಧೈರ್ಯ ಮಾಡಿದ. ಇರ್ಮೆಲಾ ಒರಗು ಕುರ್ಚಿಯಲ್ಲಿ ಕಾಲು ಚಾಚಿ ದಪ್ಪ ಕಾದಂಬರಿಯೊಂದನ್ನು ಹಿಡಿದಿದ್ದಳು. ಪಕ್ಕದಲ್ಲಿ ಚಹಾ, ತಟ್ಟೆಯಲ್ಲಿ ಪ್ಲಮ್ ಕೇಕು.

"ಇರ್ಮೆಲಾ, ಒಂದು ಮಾತು. ಈ ಕಾರು ತಗೊಂಡಿದ್ದು ಯಾಕೆ ಅಂದ್ರೆ..."

"ಗೊತ್ತು," ಎಂದಳು ಅವಳು. ಪುಸ್ತಕ ಮಡಚಿ ಅವನ ಕೈ ಹಿಡಿದುಕೊಂಡಳು. "ನಾನು ಅವತ್ತೇ ಹೇಳಬೇಕಿತ್ತು, ಆಗ್ಲಿಲ್ಲ. ಜೀವನಪೂರ್ತಿ ಪುಸ್ತಕದ ಬಸ್ಸು ಓಡಿಸ್ದೆ ಲೋಥಾರ್. ಊರಿಗೆಲ್ಲ ಪುಸ್ತಕ ಹಂಚ್ದೆ. ನಾನೇ ಒಂದು ಪುಸ್ತಕ ನೆಮ್ಮದಿಯಾಗಿ ಓದಿಲ್ಲ. ಇದ್ದದ್ದು ಭಾನುವಾರ ಒಂದು, ಅದು ಹಿಂದಿನ ಸೀಟಲ್ಲಿ ಹೋಯ್ತು. ಅಲ್ಲಿ ಓದಕ್ಕೆ ಹೋದ್ರೆ ತಲೆ ಸುತ್ತೋದು. ನಾನು ಬರಲ್ಲ ಅಂದ್ರೆ ಅಮ್ಮನಿಗೆ ಬೇಜಾರು, ನಿನಗೂ ಬೇಜಾರು. ನೀನು ಎರಡೇ ಸೀಟು ಅಂತ ಅಷ್ಟು ಹಟ ಮಾಡ್ದಾಗ ಮೊದಲು ನನಗೆ ಅರ್ಥ ಆಗ್ಲಿಲ್ಲ. ಆಮೇಲೆ ಅರ್ಥ ಆಯ್ತು, ಇವನು ನನ್ನ ನೋಡಿದಾನೆ, ನಾನು ಹೇಳದೇ ಇದ್ರೂ ತಿಳ್ಕೊಂಡಿದಾನೆ ಅಂತ. ಇಷ್ಟು ವರ್ಷದಲ್ಲಿ ನೀನು ಕೊಟ್ಟಿರೋದ್ರಲ್ಲಿ ಇದರಂಥ ಉಡುಗೊರೆ ಇನ್ನೊಂದಿಲ್ಲ."

ಲೋಥಾರ್ ನಿಂತೇ ಇದ್ದ. ಹೆಂಡತಿಯ ಕಣ್ಣಲ್ಲಿ ನೀರಿತ್ತು, ಹತ್ತಿರದಲ್ಲೆಲ್ಲೂ ಈರುಳ್ಳಿ ಇರಲಿಲ್ಲ. ಎರಡು ದಾರಿ ಎದುರಿಗಿದ್ದವು. ಸತ್ಯ ಹೇಳಿದರೆ ತಾನು ಅತ್ತೆಯನ್ನು ತಪ್ಪಿಸಲು ಹೊರಟ ಕಪಟಿ. ಸುಮ್ಮನಿದ್ದರೆ ಹೆಂಡತಿಯ ಮನಸ್ಸನ್ನು ಅರಿತ ಗಂಡ. ಕಾರಿನ ಆಯ್ಕೆಗೆ ತಿಂಗಳುಗಳನ್ನು ತೆಗೆದುಕೊಂಡವನು ಈ ಆಯ್ಕೆಗೆ ಒಂದು ಉಸಿರಿನಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ.

"ನಿನಗೋಸ್ಕರ ಇಷ್ಟೂ ಮಾಡದಿದ್ರೆ ಹೇಗೆ," ಎಂದ.

ಅವಳು ಅವನ ಕೆನ್ನೆಗೆ ಮುತ್ತು ಕೊಟ್ಟು ಪುಸ್ತಕ ಬಿಚ್ಚಿದಳು. ಎರಡನೇ ಸಾಲಿಗೆ ಅವಳು ಎಸ್ಲಿಂಗೆನ್ ಬಿಟ್ಟು ಎಲ್ಲಿಗೋ ಹೋಗಿಬಿಟ್ಟಿದ್ದಳು. ಅವನು ಸ್ವಲ್ಪ ಹೊತ್ತು ಆ ಮುಖವನ್ನೇ ನೋಡುತ್ತ ನಿಂತ. ಅಂದುಕೊಂಡದ್ದು ಸಿಗಲಿಲ್ಲ, ಆದರೆ ಸಿಕ್ಕಿದ್ದು ಕೆಟ್ಟದ್ದೇನಲ್ಲ ಅನ್ನಿಸಿತು.

ಕೆಳಗೆ ಬಂದು ಕಾರು ಹತ್ತಿದ. (ಹತ್ತುವುದು ಎನ್ನುವುದು ರೂಢಿಯ ಮಾತು. ನಿಜವಾಗಿ ಅದರೊಳಕ್ಕೆ ಬೀಳಬೇಕಿತ್ತು.) ಅತ್ತೆ ಬೆಲ್ಟು ಹಾಕಿಕೊಂಡು ತಯಾರಾಗಿ ಕೂತಿದ್ದರು.

"ಲೋಥಾರ್, ಒಂದು ವಿಷಯ. ಮುಂದಿನ ವಾರದಿಂದ ನಾನು ಬರಲ್ಲ."

ಅವನ ಕೈ ಚಾವಿಯ ಮೇಲೆ ನಿಂತಿತು.

"ನಮ್ಮ ವ್ಯಾಯಾಮದ ಗುಂಪಲ್ಲಿ ಈ ಕಾರಿನ ಬಗ್ಗೆ ಹೇಳಿಬಿಟ್ಟೆ. ಎಲ್ಲರಿಗೂ ಆಸೆ. ಒಬ್ಬಳೇ ಮೆರೆದ್ರೆ ಚೆನ್ನಾಗಿರಲ್ಲ ನೋಡು. ಮುಂದಿನ ಭಾನುವಾರ ಎಡೆಲ್ಟ್ರೌಟ್ ಬರ್ತಾಳೆ, ಆಮೇಲೆ ಹಿಲ್ಟ್ರೂಡ್. ಹೀಗೇ ಒಬ್ಬೊಬ್ಬರೇ."

"ಮತ್ತೆ ನೀವು?"

"ನಾನು ಮೇಲೆ ಹೋಗಿ ಇರ್ಮೆಲಾ ಜೊತೆ ಕೂತ್ಕೋತೀನಿ. ಪಾಪ, ಭಾನುವಾರ ಒಬ್ಬಳೇ ಕೂತಿರ್ತಾಳೆ. ಏನಾದ್ರೂ ಮಾತಾಡಿಸ್ತಾ ಇರ್ತೀನಿ. ಓದಿ ಓದಿ ಅವಳ ಕಣ್ಣು ಹಾಳಾಗ್ತಿದೆ."

ಲೋಥಾರ್‌ನ ಕಣ್ಣ ಮುಂದೆ ಬಾಲ್ಕನಿ ಬಂತು. ಒರಗು ಕುರ್ಚಿ ಬಂತು. ಅದರ ಪಕ್ಕದಲ್ಲಿ ಇನ್ನೊಂದು ಕುರ್ಚಿ, ಅದರಲ್ಲಿ ಅತ್ತೆ, ಮಡಚಿಟ್ಟ ಕಾದಂಬರಿ. ತನ್ನ ಜೀವನದ ಅತಿ ದೊಡ್ಡ ಉಡುಗೊರೆ, ಈಗಷ್ಟೇ ಮುತ್ತು ಗಳಿಸಿಕೊಟ್ಟ ಉಡುಗೊರೆ, ಒಂದೇ ವಾರದಲ್ಲಿ ಮಣ್ಣುಪಾಲು.

"ಬೇಡ ಅತ್ತೆ," ಎಂದ. "ನೀವೇ ಬನ್ನಿ."

"ಯಾಕೆ?"

"ನೀವಿಲ್ದೆ ನನಗೆ ಸರಿಹೋಗಲ್ಲ. ಎಡೆಲ್ಟ್ರೌಟ್ ಅವರೆಲ್ಲ ಬೇಕಾದ್ರೆ ಬೇರೆ ದಿನ ಬರ್ಲಿ. ಭಾನುವಾರ ನೀವೇ. ಪ್ರತಿ ಭಾನುವಾರ. ಕೈಮುಗಿದು ಕೇಳ್ತೀನಿ."

ಇಬ್ಬರೇ ಕೂರುವ ಕಾರನ್ನು ಅತ್ತೆಯಿಂದ ತಪ್ಪಿಸಿಕೊಳ್ಳಲೆಂದು ಕೊಂಡ ಮಹಾನುಭಾವ ಅದೇ ಕಾರಿನಲ್ಲಿ ಕೂತು ಅತ್ತೆಯನ್ನು ಅಂಗಲಾಚುತ್ತಿದ್ದ. ವಾಲ್ಬುರ್ಗಾ ಅವನ ಮುಖವನ್ನು ಒಮ್ಮೆ ಚೆನ್ನಾಗಿ ಓದಿದರು. ಬೇಡುವವನಿಗೆ ಎಷ್ಟು ಅಗತ್ಯವಿದೆ ಎಂದು ನೋಡದೆ ದ್ರಾಕ್ಷಿ ಮಾರಿದವರಲ್ಲ ಅವರು.

"ಬರ್ತೀನಿ," ಎಂದರು ಕೊನೆಗೆ. "ಆದ್ರೆ ನಾನು ಓಡಿಸ್ತೀನಿ."

"ನೀವಾ?"

"ನನ್ನ ಲೈಸೆನ್ಸನ್ನ ಯಾರೂ ವಾಪಸ್ಸು ಕೇಳಿಲ್ಲ. ತೋಟದ ಟ್ರ್ಯಾಕ್ಟರು ಓಡಿಸ್ತಿದ್ದೆ, ಆ ಇಳಿಜಾರಲ್ಲಿ. ಇದೇನು ಮಹಾ. ಆಗಲ್ಲ ಅಂದ್ರೆ ಬಿಡು, ಮೇಲೆ ಹೋಗ್ತೀನಿ, ಇರ್ಮೆಲಾ ಇದಾಳೆ."

ಬೆಲ್ಟು ಬಿಚ್ಚಲು ಅತ್ತೆಯ ಕೈ ಮುಂದಾಯಿತು. ಲೋಥಾರ್ ಬಾಗಿಲು ತೆರೆದ. ಒಂದು ಕಾಲು ಹೊರಗಿಟ್ಟ, ಚೌಕಟ್ಟು ಹಿಡಿದ, ನರಳಿದ, ಎದ್ದ. ಕಾರನ್ನು ಸುತ್ತಿ ಇನ್ನೊಂದು ಬದಿಗೆ ಬರುವಷ್ಟರಲ್ಲಿ ಅತ್ತೆ ಗೇರಿನ ಮೇಲಿಂದಲೇ ದಾಟಿ ಅವನ ಸೀಟಿನಲ್ಲಿ ಕೂತು, ಕೈಚೀಲವನ್ನು ದಿಂಬಿನಂತೆ ಕೆಳಗಿಟ್ಟುಕೊಂಡು ಎತ್ತರವಾಗಿದ್ದರು.

ಲೋಥಾರ್ ಬೆಲ್ಟು ಬಿಗಿದುಕೊಂಡ. ಬಾಲ್ಕನಿಯ ಕಡೆ ನೋಡಿದ. ಇರ್ಮೆಲಾ ತಲೆಯೆತ್ತಲಿಲ್ಲ, ಹಾಳೆ ತಿರುಗಿಸಿದಳು. ಇಂಜಿನ್ನು ಗುಡುಗಿತು. ಅತ್ತೆ ಬಗ್ಗಿ ತಮ್ಮ ಪಾದಗಳ ಬಳಿ ಏನೋ ಹುಡುಕುತ್ತಿದ್ದರು.

"ಲೋಥಾರ್," ಎಂದರು, "ಇಲ್ಲಿ ಎರಡೇ ಪೆಡಲು ಇದೆಯಲ್ಲ. ಮೂರನೇದು, ಕ್ಲಚ್ಚು, ಎಲ್ಲಿ ಹೋಯ್ತು?"